ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ: ಘಾಟಿ ಹತ್ತೋ ಮುಂಚೆ ಕ್ಲಚ್ ನೋಡ್ಕೊಳ್ಳಿ

ತೀರ್ಥಹಳ್ಳಿ: ಓಮ್ನಿ ತುಂಬಾ ಸಾಮಾನು ಹೇರಿಕೊಂಡು ಉಡುಪಿ ಕಡೆಯಿಂದ ಆಗುಂಬೆ ಘಾಟಿ ಹತ್ತುವ ಅಂಗಡಿಯವರು ನಮ್ಮ ತಾಲ್ಲೂಕಿನಲ್ಲಿ ಈಗಲೂ ಇದ್ದಾರೆ. 14 ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಎಂಜಿನ್ ಜೋರಾಗಿ ಕೂಗುತ್ತೆ, ಗಾಡಿ ಮಾತ್ರ ತೆವಳುತ್ತೆ. ಹಿಂದೆ ಸಾಲುಗಟ್ಟಿ ಹಾರ್ನ್. ಕ್ಲಚ್ ಸ್ಲಿಪ್ ಅಂದ್ರೆ ಇದೇ. ಇದು ಸಾಮಾನ್ಯವಾಗಿ ರಾತ್ರೋರಾತ್ರಿ ಬರೋ ಕಾಯಿಲೆ ಅಲ್ಲ, ಮೊದಲೇ ಸುಳಿವು ಕೊಟ್ಟಿರುತ್ತೆ.

ಎಂಜಿನ್‌ನ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟ್‌ಗೂ ನಡುವೆ ಕ್ಲಚ್ ಪ್ಲೇಟ್ ಒತ್ತಿ ಕೂತಿರುತ್ತೆ. ಆ ಹಿಡಿತದಿಂದಲೇ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗೋದು. ಪ್ಲೇಟ್ ಸವೆದರೆ, ಎಣ್ಣೆ ತಾಗಿದರೆ, ಒತ್ತುವ ಸ್ಪ್ರಿಂಗ್ ಸೋತರೆ ಹಿಡಿತ ಜಾರುತ್ತೆ. ಮೊದಲು ಗೊತ್ತಾಗೋದು ಟಾಪ್ ಗೇರಿನಲ್ಲಿ, ಲೋಡ್ ಇದ್ದಾಗ, ಏರಿನಲ್ಲಿ. ಖಾಲಿ ಗಾಡೀಲಿ ಪೇಟೆ ಸುತ್ತೋರಿಗೆ ತಿಳಿಯೋದೇ ಇಲ್ಲ.

"ಪಿಕಪ್ ಇಲ್ಲ" ಅಂತ ಗ್ಯಾರೇಜಿಗೆ ಹೋಗೋ ಎಲ್ಲರದ್ದೂ ಕ್ಲಚ್ ಸಮಸ್ಯೆ ಅಲ್ಲ. ಆಕ್ಸಿಲರೇಟರ್ ತುಳಿದಾಗ ಎಂಜಿನ್ ಶಬ್ದವೂ ಏರದೆ ಗಾಡಿ ಮಂಕಾಗಿದ್ದರೆ ಪೆಟ್ರೋಲ್, ಪ್ಲಗ್, ಏರ್ ಫಿಲ್ಟರ್ ನೋಡಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ ಹೀಗಾಗುತ್ತೆ. ಶಬ್ದ ಏರಿ ವೇಗ ಏರದಿದ್ದರೆ ಮಾತ್ರ ಕ್ಲಚ್ ಮೇಲೆ ಅನುಮಾನ ಪಡಿ. ಗೇರ್ ಹಾಕುವಾಗ ಕರಕರ ಅನ್ನೋದು ಇದರ ಉಲ್ಟಾ ತೊಂದರೆ, ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ.

ಪರೀಕ್ಷೆ ಮಾಡೋಕೆ ಖಾಲಿ ನೇರ ರಸ್ತೆ ಸಾಕು. ಮೂರನೇ ಗೇರಿನಲ್ಲಿ ಗಂಟೆಗೆ 30-40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಹಳೇ ಓಮ್ನಿಯಲ್ಲಿ ಆರ್‌ಪಿಎಂ ಮುಳ್ಳು ಇರಲ್ಲ, ಕಿವಿಯೇ ಮೀಟರ್. ಇನ್ನೊಂದು, ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು, ಮೂರನೇ ಗೇರ್ ಹಾಕಿ ನಿಧಾನ ಕ್ಲಚ್ ಬಿಡಿ. ಎಂಜಿನ್ ಆಫ್ ಆದರೆ ಹಿಡಿತ ಇದೆ. ಆಫ್ ಆಗದೆ ಓಡ್ತಾನೇ ಇದ್ದರೆ ಜಾರ್ತಿದೆ, ತಕ್ಷಣ ಪೆಡಲ್ ಒತ್ತಿಬಿಡಿ. ಒಂದೇ ಸಲ ಮಾಡಿ, ಗಾಡಿ ಮುಂದೆ ಯಾರೂ ನಿಂತಿರಬಾರದು. ಪದೇ ಪದೇ ಮಾಡಿದರೆ ಉಳಿದ ಪ್ಲೇಟನ್ನೂ ನೀವೇ ಸುಟ್ಟಂಗೆ.

ಜಾರ್ತಿದೆ ಅಂತ ಖಾತ್ರಿ ಆದರೂ ಕೂಡ್ಲೇ ಪೂರ್ತಿ ಸೆಟ್‌ಗೆ ಹೂಂ ಅನ್ನಬೇಡಿ. ಮಾರುತಿ 800, ಓಮ್ನಿಗಳದ್ದು ಕೇಬಲ್ ಕ್ಲಚ್. ಪೆಡಲನ್ನ ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿ, ಗಟ್ಟಿ ಆಗೋ ಮುಂಚೆ ಸ್ವಲ್ಪ ಸಡಿಲ ಆಟ ಇರಬೇಕು. ಪ್ಲೇಟ್ ಸವೆದಂಗೆ ಈ ಪ್ಲೇ ಕಮ್ಮಿ ಆಗುತ್ತೆ. ಪೂರ್ತಿ ಹೋದರೆ ನೀವು ಕಾಲಿಡದಿದ್ದರೂ ಕ್ಲಚ್ ಅರ್ಧ ಒತ್ತಿದಂಗೇ ಇರುತ್ತೆ. ಕೇಬಲ್ ನಟ್ ಸಡಿಲಿಸಿ ಸರಿಯಾದ ಪ್ಲೇ ಕೊಟ್ಟರೆ ಕೆಲವು ಸಲ ಅಷ್ಟಕ್ಕೇ ಸರಿ ಹೋಗುತ್ತೆ, ಸ್ಪ್ಯಾನರ್ ಕೆಲಸ ಅಷ್ಟೇ. ಆಮೇಲೂ ಜಾರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಇಳಿಸಿದ ಮೇಲೆ ಮಾತ್ರ ಜಿಪುಣತನ ಬೇಡ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ, ಯಾಕಂದ್ರೆ ಇಳಿಸೋ ಕೂಲಿ ಹೇಗೂ ಒಂದೇ. ಹಳೇ ಪ್ಲೇಟಿನ ಮೇಲೆ ಎಣ್ಣೆ ಇದ್ಯಾ ಅಂತ ನೀವೇ ನಿಂತು ನೋಡಿ. ಇದ್ದರೆ ಆಯಿಲ್ ಸೀಲ್ ಸೋರ್ತಿದೆ ಅಂತ ಅರ್ಥ. ಅದನ್ನ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಹಾಳಾಗುತ್ತೆ, ಇನ್ನೊಮ್ಮೆ ಕೂಲಿ. ತೆಗೆದ ಹಳೇ ಸಾಮಾನು ಕೇಳಿ ತಗೊಳ್ಳಿ, ಅದಕ್ಕೆ ನಾಚಿಕೆ ಯಾಕೆ?

ಘಾಟಿ ಮಧ್ಯದಲ್ಲೇ ಸುಟ್ಟ ವಾಸನೆ ಬಂದರೆ ರೇಸ್ ಕೊಟ್ಟು ಎಳೆಸಬೇಡಿ. ತಿರುವು ಬಿಟ್ಟು ಅಗಲ ಜಾಗದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಸ್ವಲ್ಪ ಹಿಡಿತ ವಾಪಸ್ ಬರಬಹುದು. ಗೇರ್ ನಂಬಿ ನಿಲ್ಲಿಸಬೇಡಿ, ಕ್ಲಚ್ ಜಾರ್ತಿದ್ದರೆ ಗೇರೂ ಗಾಡಿಯನ್ನ ಹಿಡಿಯಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಸಾಮಾನು ಬೇರೆ ಗಾಡಿಗೆ ಹಾಕಿ ಕಳಿಸಿ.