ತೂಕ ಇಳಿದರಷ್ಟೇ ಸಾಕೆ?

‘ಡಾಕ್ಟ್ರೇ, ಬೊಜ್ಜಿಗೆ ಆಪರೇಷನ್ ಮಾಡಿಸಿದರೆ ಸಕ್ಸಸ್ ಆಗುತ್ತದೆಯೆ?’ ರೋಗಿಯ ಮನೆಯವರು ತಪ್ಪದೆ ಕೇಳುವ ಪ್ರಶ್ನೆ ಇದು. ಆದರೆ ‘ಸಕ್ಸಸ್’ ಎಂದರೇನು? ಒಬ್ಬೊಬ್ಬ ತಜ್ಞರದು ಒಂದೊಂದು ಲೆಕ್ಕ.

ಈ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬನ್ನು ತೆಗೆಯುವುದಿಲ್ಲ. ಜಠರವನ್ನು ಕೊಳವೆಯಂತೆ ಕಿರಿದಾಗಿಸುತ್ತಾರೆ. ಇಲ್ಲವೇ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಸಿವು ತಗ್ಗುತ್ತದೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ.

ಸರ್ಜನ್ ಲೆಕ್ಕ

ಹೆಚ್ಚುವರಿ ತೂಕದಲ್ಲಿ ಅರ್ಧ ಇಳಿದರೆ ಯಶಸ್ಸು ಎಂಬುದು ಸರ್ಜನ್‌ಗಳ ಹಳೆಯ ಅಳತೆಗೋಲು. 160 ಸೆಂ.ಮೀ. ಎತ್ತರದ, 110 ಕಿಲೋ ತೂಗುವ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ದೇಹತೂಕ ಸೂಚ್ಯಂಕ 25 ಎಂದು ಹಿಡಿದರೆ ಅವರ ತೂಕ 64 ಕಿಲೋ ಇರಬೇಕು. ಹೆಚ್ಚುವರಿ 46 ಕಿಲೋ. 23 ಕಿಲೋ ಇಳಿದು 87ಕ್ಕೆ ಬಂದರೆ ಸರ್ಜನ್‌ಗೆ ತೃಪ್ತಿ. 64ರ ಕನಸು ಕಂಡ ರೋಗಿಗೆ ಮಾತ್ರ ನಿರಾಸೆ! ಒಟ್ಟು ತೂಕದಲ್ಲಿ ಶೇ 20ರಷ್ಟು ಇಳಿಕೆ ಎಂಬ ಈಚಿನ ಅಳತೆಯಿಂದಲೂ ಉತ್ತರ ಹೆಚ್ಚುಕಡಿಮೆ ಅಷ್ಟೇ.

ಉಳಿದವರ ಲೆಕ್ಕ

ಮಧುಮೇಹ ತಜ್ಞರು ತಕ್ಕಡಿಗಿಂತ ರಕ್ತಪರೀಕ್ಷೆಯನ್ನು ನಂಬುತ್ತಾರೆ. ಮಾತ್ರೆ, ಇನ್ಸುಲಿನ್ ನಿಲ್ಲಿಸಿದ ಮೇಲೂ ಕನಿಷ್ಠ 3 ತಿಂಗಳು ಎಚ್‌ಬಿಎ1ಸಿ ಪ್ರಮಾಣ 6.5ಕ್ಕಿಂತ ಕೆಳಗಿದ್ದರೆ ಅದನ್ನು ‘ಶಮನ’ ಎನ್ನಬೇಕೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದರು. ‘ಗುಣವಾಯಿತು’ ಎನ್ನಲಿಲ್ಲ. ಸಕ್ಕರೆ ಕಾಯಿಲೆ ಮರಳಬಹುದು.

ಆಹಾರ ತಜ್ಞರಿಗೆ, 30 ಕಿಲೋ ಇಳಿಸಿಯೂ ರಕ್ತಹೀನತೆ, ಕೈಕಾಲು ಜೋಮು ಬಂದರೆ ಅದು ಯಶಸ್ಸಲ್ಲ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಜೀವನಪೂರ್ತಿ ಗಮನಿಸಬೇಕು. ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆಗೆ ಮೊದಲ ಸ್ಥಾನ, ಅನ್ನಕ್ಕೆ ಆಮೇಲೆ.

ಮನೋವೈದ್ಯರು ಕೇಳುವುದೇ ಬೇರೆ: ಬೇಸರವಾದಾಗ ತಿನ್ನುವ ಅಭ್ಯಾಸ ಹೋಯಿತೆ? ಅದರ ಜಾಗಕ್ಕೆ ಮದ್ಯ ಬಂತೆ? ಬೈಪಾಸ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ.

ತೂಕ ಮತ್ತೆ ಏರಿದರೆ?

ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷ ತೂಕ ಇಳಿದು, ಬಳಿಕ ಸ್ವಲ್ಪ ಏರುತ್ತದೆ. ‘ಸೋತೆ’ ಎಂದು ನಾಚಿ ಆಸ್ಪತ್ರೆಗೆ ಬರುವುದನ್ನೇ ಬಿಡುವವರಿದ್ದಾರೆ. ನಿಜವಾದ ಅಪಾಯ ಇದು. ಪರೀಕ್ಷೆ ತಪ್ಪುತ್ತದೆ, ಕೊರತೆಗಳು ಗೊತ್ತಾಗದೆ ಬೆಳೆಯುತ್ತವೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲೂ ತೂಕ ಹೀಗೆಯೇ ಸ್ವಲ್ಪ ಮರಳಿತ್ತು. ಆದರೂ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವು ಕಡಿಮೆಯಿತ್ತೆಂದು 2007ರಲ್ಲಿ ವರದಿಯಾಯಿತು.

ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ: ನನ್ನ ತೂಕ ಎಲ್ಲಿಗೆ ನಿಲ್ಲಬಹುದು? ಯಾವ ಮಾತ್ರೆ ಉಳಿಯುತ್ತದೆ? 5 ವರ್ಷದ ಬಳಿಕ ನನ್ನನ್ನು ನೋಡುವವರು ಯಾರು? ನಿಮ್ಮ ಲೆಕ್ಕವನ್ನೂ ಅವರಿಗೆ ಹೇಳಿ. ಮೆಟ್ಟಿಲು ಹತ್ತುವುದು, ನೆಲದ ಮೇಲೆ ಕೂತು ಏಳುವುದು, ಉಸಿರುಕಟ್ಟದೆ ನಿದ್ರಿಸುವುದು ತಕ್ಕಡಿಯಲ್ಲಿ ಕಾಣುವುದಿಲ್ಲ. ಅವೂ ಯಶಸ್ಸೇ.