ನಿಮಗಿದು ಗೊತ್ತೆ? ಹಿತ್ತಿಲ ಕೇರೆಗೆ ವಿಷವೇ ಇಲ್ಲ

ಹಾಡಹಗಲೇ ಹಿತ್ತಿಲ ಸೌದೆ ರಾಶಿಯಿಂದ ಸರಕ್ಕನೆ ಹೊರಟು ಬೇಲಿ ದಾಟುವ ಉದ್ದನೆಯ ಹಾವು ಅನೇಕ ಸಲ ಕೇರೆಯೇ ಆಗಿರುತ್ತದೆ. ಎರಡು ಮೀಟರ್‌ಗೂ ಮೀರಿ ಬೆಳೆಯುವ ಇದಕ್ಕೆ ವಿಷವಿಲ್ಲ. ದೊಡ್ಡ ಕಣ್ಣು, ದುಂಡನೆಯ ಪಾಪೆ, ತುಟಿಯಂಚಿನಲ್ಲಿ ಕಪ್ಪು ಗೆರೆಗಳು ಇದರ ಗುರುತು. ಮೂಲೆಗೆ ಸಿಕ್ಕಿಬಿದ್ದರೆ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ. ಅದನ್ನೇ ಹೆಡೆಯೆಂದು ಭಾವಿಸಿ ಜನ ದೊಣ್ಣೆ ಎತ್ತುತ್ತಾರೆ, ಪಾಪ!

ಕೇರೆ ಗಂಡು, ನಾಗರ ಹೆಣ್ಣು, ಎರಡೂ ಕೂಡುತ್ತವೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಗಟ್ಟಿ. ಇದು ಶುದ್ಧ ಸುಳ್ಳು. ಎರಡೂ ಬೇರೆ ಬೇರೆ ಕುಟುಂಬದ ಹಾವುಗಳು. ಎರಡರಲ್ಲೂ ಗಂಡು ಹೆಣ್ಣುಗಳಿವೆ. ಹೆಣೆದುಕೊಂಡು, ತಲೆಯೆತ್ತಿ ಒಂದನ್ನೊಂದು ನೆಲಕ್ಕೆ ಒತ್ತುವ ಜೋಡಿ ಕೇರೆಗಳು ಕಂಡರೆ ಅದು ಸಾಮಾನ್ಯವಾಗಿ ಪ್ರಣಯವಲ್ಲ, ಎರಡು ಗಂಡುಗಳ ಕುಸ್ತಿ. ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎನ್ನುವುದೂ ಕಟ್ಟುಕತೆಯೇ. ಅದಕ್ಕೆ ಬೇಕಿರುವುದು ಇಲಿ, ಕಪ್ಪೆ.

ಕೇರೆಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾವ ಹಾವೆಂದು ಖಚಿತವಾಗದಿದ್ದರೆ ಹತ್ತಿರ ಹೋಗಬೇಡಿ. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ.