ಹಳೆಯ ಪವರ್ ಟಿಲ್ಲರ್‌ಗಳ ಗೇರ್ ಬಾಕ್ಸ್: ನಿರ್ವಹಣೆ ಮತ್ತು ದುರಸ್ತಿ

ದೊಡ್ಡ ಟ್ರ್ಯಾಕ್ಟರ್ ತಿರುಗಲಾರದ ಸಣ್ಣ ಗದ್ದೆ ಹಾಗೂ ತೋಟಗಳ ಉಳುಮೆಗೆ ಬಳಸುವ ಎರಡು ಚಕ್ರಗಳ ಯಂತ್ರವೇ ಪವರ್ ಟಿಲ್ಲರ್. ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆ ಮತ್ತು 1973ರಲ್ಲಿ ಆರಂಭವಾದ ಕೇರಳದ ಕಾಮ್ಕೋ ಸಂಸ್ಥೆಗಳ ಹಳೆಯ ಯಂತ್ರಗಳು ಮಲೆನಾಡು ಮತ್ತು ಕರಾವಳಿಯ ಗದ್ದೆಗಳಲ್ಲಿ ಇಂದಿಗೂ ದುಡಿಯುತ್ತಿವೆ. ರೈತರು ಎಂಜಿನ್ನಿನ ಬಗ್ಗೆ ವಹಿಸುವ ಕಾಳಜಿಯನ್ನು ಗೇರ್ ಬಾಕ್ಸಿನ ಬಗ್ಗೆ ವಹಿಸುವುದು ಕಡಿಮೆ. ನಾಟಿಯ ಹಂಗಾಮಿನ ನಡುವೆ ಗೇರ್ ಬಾಕ್ಸ್ ಕೈಕೊಟ್ಟಲ್ಲಿ ಬಿಡಿಭಾಗ ದೊರೆತು ಯಂತ್ರ ಮರಳುವ ವೇಳೆಗೆ ಮಳೆಯ ಹದ ಕಳೆದುಹೋಗಿರುತ್ತದೆ. ಆದುದರಿಂದ ಈ ಮಾಹಿತಿಯನ್ನು ರೈತ ಬಾಂಧವರ ಅನುಕೂಲಕ್ಕಾಗಿ ನೀಡಲಾಗಿದೆ.

ಶಕ್ತಿ ಸಾಗುವ ದಾರಿ

ಎಂಜಿನ್ನಿನ ರಾಟೆಯಿಂದ ವಿ-ಬೆಲ್ಟುಗಳ ಮೂಲಕ ಮುಖ್ಯ ಕ್ಲಚ್ಚಿಗೆ, ಅಲ್ಲಿಂದ ಗೇರ್ ಬಾಕ್ಸಿಗೆ, ನಂತರ ಎಡ ಮತ್ತು ಬಲದ ಸ್ಟೀರಿಂಗ್ ಕ್ಲಚ್ಚುಗಳ ಮೂಲಕ ಎರಡು ಚಕ್ರಗಳಿಗೆ ಶಕ್ತಿಯು ತಲುಪುತ್ತದೆ. ಗೇರ್ ಬಾಕ್ಸಿನಿಂದಲೇ ಇನ್ನೊಂದು ಕವಲು ರೋಟರಿಗೆ ಹೋಗುತ್ತದೆ. ದೋಷವನ್ನು ಹುಡುಕುವಾಗ ಇದೇ ಕ್ರಮವನ್ನು ಅನುಸರಿಸತಕ್ಕದ್ದು. ಗೇರ್ ಬಾಕ್ಸ್ ಕೆಟ್ಟಿದೆ ಎಂದು ಬಿಚ್ಚಿಸಲಾಗುವ ಎಷ್ಟೋ ಯಂತ್ರಗಳಲ್ಲಿ ದೋಷವಿರುವುದು ಬೆಲ್ಟಿನಲ್ಲಿ.

ಬೆಲ್ಟು ಹೊಸದಿರುವಾಗ ರಾಟೆಯ ಕಾಲುವೆಯ ಎರಡು ಬದಿಗಳನ್ನು ಹಿಡಿದುಕೊಂಡು ಓಡುತ್ತದೆ. ಸವೆದಾಗ ಕೆಳಗಿಳಿದು ತಳವನ್ನು ಮುಟ್ಟುತ್ತದೆ. ಕಾಲುವೆಯ ತಳವು ಹೊಳಪಾಗಿ ಕಂಡುಬಂದಲ್ಲಿ ಬೆಲ್ಟಿನ ಆಯುಷ್ಯ ಮುಗಿದಿದೆ ಎಂದು ತಿಳಿಯಬೇಕು. ಅಂತಹ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ಜಾರುವುದು ನಿಲ್ಲದು. ಬೇರಿಂಗ್ ಮಾತ್ರ ಹಾಳಾಗುತ್ತದೆ. ಬೆಲ್ಟುಗಳನ್ನು ಒಂದೊಂದಾಗಿ ಬದಲಿಸದೆ ಇಡೀ ಜೊತೆಯನ್ನು ಒಮ್ಮೆಗೇ ಬದಲಿಸಬೇಕು. ಇಲ್ಲವಾದಲ್ಲಿ ಹೊಸ ಬೆಲ್ಟು ಒಂದೇ ಇಡೀ ಭಾರವನ್ನು ಹೊರಬೇಕಾಗುತ್ತದೆ.

ಆಯಿಲ್ ಮತ್ತು ನೀರು

ಕೆಸರು ಗದ್ದೆಯಲ್ಲಿ ದುಡಿಯುವ ಟಿಲ್ಲರಿನ ಗೇರ್ ಬಾಕ್ಸಿಗೆ ಅತಿ ದೊಡ್ಡ ಶತ್ರು ನೀರು. ಚಕ್ರದ ಅಚ್ಚಿನ ಆಯಿಲ್ ಸೀಲ್ ಸವೆದಾಗ ಆಯಿಲ್ ಹೊರಕ್ಕೂ ಕೆಸರು ನೀರು ಒಳಕ್ಕೂ ಹರಿಯುತ್ತದೆ. ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಇನ್ನೂ ಬದಲಾಗದಿದ್ದರೂ ಪರೀಕ್ಷೆಗೆ ಸುಲಭ ವಿಧಾನವಿದೆ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಕೆಳಗಿನ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಬೇಕು. ನೀರು ಆಯಿಲ್‌ಗಿಂತ ಭಾರವಾದುದರಿಂದ ತಳದಲ್ಲಿ ನಿಂತಿದ್ದು ಮೊದಲು ಹೊರಬರುತ್ತದೆ.

ಹೊರಬಂದ ಆಯಿಲನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ. ಬೂದು ಬಣ್ಣದ ನುಣುಪಾದ ಮಡ್ಡಿ ಸಹಜವಾದ ಸವೆತದ ಗುರುತು. ಚೂರುಗಳು ಅಥವಾ ಚಕ್ಕೆಗಳು ಸಿಕ್ಕಿದಲ್ಲಿ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ ಎಂದರ್ಥ; ಅಂತಹ ಯಂತ್ರವನ್ನು ಬಿಚ್ಚಿಸದೆ ಮತ್ತೆ ಗದ್ದೆಗಿಳಿಸಬಾರದು.

ಸೀಲ್ ಸರಿಯಿದ್ದರೂ ನೀರು ಒಳಸೇರುವ ಇನ್ನೊಂದು ದಾರಿಯಿದೆ. ದಿನವಿಡೀ ದುಡಿದು ಬಿಸಿಯಾದ ಟಿಲ್ಲರನ್ನು ಸಂಜೆ ನೇರವಾಗಿ ಹಳ್ಳಕ್ಕೋ ನಾಲೆಗೋ ಇಳಿಸಿ ತೊಳೆಯುವ ರೂಢಿ ಹಲವೆಡೆ ಇದೆ. ತಣ್ಣೀರು ತಗಲಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆಳೆಯುತ್ತದೆ. ಗಾಳಿಯಾಡುವ ರಂಧ್ರ ಕೆಸರಿನಿಂದ ಮುಚ್ಚಿದ್ದಲ್ಲಿ ಈ ಎಳೆತ ಮತ್ತಷ್ಟು ಜೋರಾಗುತ್ತದೆ. ಆದ್ದರಿಂದ ಯಂತ್ರ ಆರಿದ ಮೇಲೆಯೇ ತೊಳೆಯತಕ್ಕದ್ದು. ಗಾಳಿಯ ರಂಧ್ರವನ್ನು ಆಗಾಗ್ಗೆ ಶುಚಿಗೊಳಿಸತಕ್ಕದ್ದು.

ಸೀಲ್ ಬದಲಿಸುವಾಗ ಸ್ಪ್ರಿಂಗ್ ಇರುವ ತುಟಿಯು ಆಯಿಲ್ ಇರುವ ಕಡೆಗೆ, ಅಂದರೆ ಒಳಕ್ಕೆ ಮುಖಮಾಡಿರಬೇಕು. ಹೊಸ ಸೀಲ್ ಹಾಕಿದ ವಾರದಲ್ಲೇ ಮತ್ತೆ ಸೋರಿದರೆ ಸೀಲನ್ನು ದೂರುವ ಮುನ್ನ ಶಾಫ್ಟನ್ನು ಉಗುರಿನಿಂದ ಸವರಿ ನೋಡಿ. ವರ್ಷಗಳ ಕಾಲ ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಗೆರೆ ಬಿದ್ದಿರುತ್ತದೆ. ಅಂತಹ ಶಾಫ್ಟಿಗೆ ತೆಳುವಾದ ತೋಳು ಕೂರಿಸಬೇಕು ಅಥವಾ ಸೀಲಿನ ತುಟಿ ಗೆರೆಯ ಮೇಲೆ ಬೀಳದಂತೆ ತುಸು ಸರಿಸಿ ಕೂರಿಸಬೇಕು. ಅಚ್ಚಿಗೆ ಸುತ್ತಿಕೊಳ್ಳುವ ಹುಲ್ಲು, ಪ್ಲಾಸ್ಟಿಕ್ ಹಗ್ಗದ ಎಳೆಗಳು ಸೀಲನ್ನು ಕತ್ತರಿಸುವುದರಿಂದ ಪ್ರತಿದಿನ ಅವುಗಳನ್ನು ಬಿಡಿಸಿ ತೆಗೆಯಬೇಕು.

ಆಯಿಲಿನ ದರ್ಜೆ ಮತ್ತು ಪ್ರಮಾಣವನ್ನು ಆಯಾ ಯಂತ್ರದ ಕೈಪಿಡಿಯಂತೆಯೇ ಪಾಲಿಸಬೇಕು. ಹಳೆಯ ಯಂತ್ರಗಳಲ್ಲಿ ಹಿತ್ತಾಳೆ ಅಥವಾ ಕಂಚಿನ ಬುಷ್ ಇದ್ದಲ್ಲಿ ಜಿ.ಎಲ್.-5 ದರ್ಜೆಯ ಕೆಲವು ಆಯಿಲುಗಳಲ್ಲಿನ ಗಂಧಕದ ಅಂಶ ಅವುಗಳನ್ನು ತಿನ್ನಬಹುದಾದುದರಿಂದ, ದುಬಾರಿ ಆಯಿಲೆಲ್ಲ ಉತ್ತಮ ಎಂದು ಭಾವಿಸಬಾರದು. ಎಂಜಿನ್ನಿನಿಂದ ತೆಗೆದ ಕರಿ ಆಯಿಲನ್ನು ಗೇರ್ ಬಾಕ್ಸಿಗೆ ಸುರಿಯುವುದು ಉಳಿತಾಯವಲ್ಲ. ಬಳಸಿದ ಆಯಿಲನ್ನು ನಾಲೆಗೆ ಅಥವಾ ಮಣ್ಣಿಗೆ ಚೆಲ್ಲಬಾರದು. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಶಬ್ದದಿಂದ ದೋಷ ಪತ್ತೆ

ಒಂದೇ ಗೇರಿನಲ್ಲಿ ಮಾತ್ರ ಕೊರೆಯುವ ಶಬ್ದ ಬಂದಲ್ಲಿ ಆ ಗೇರಿನ ಹಲ್ಲುಗಳನ್ನು ಪರೀಕ್ಷಿಸಬೇಕು. ನ್ಯೂಟ್ರಲ್‌ನಲ್ಲಿಯೂ ಶಬ್ದವಿದ್ದು, ಮುಖ್ಯ ಕ್ಲಚ್ ಬಿಡಿಸಿದೊಡನೆ ನಿಂತಲ್ಲಿ ಒಳಬರುವ ಶಾಫ್ಟಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಭಾರ ಬಿದ್ದಾಗ ಗೇರು ತಾನಾಗಿ ಕಳಚಿಕೊಂಡರೆ ಹಿಡಿತದ ಗುಂಡು ಮತ್ತು ಸ್ಪ್ರಿಂಗ್, ಗೇರು ಸರಿಸುವ ಫೋರ್ಕು, ದುಂಡಗಾದ ಹಲ್ಲಿನ ಅಂಚು ಇವುಗಳನ್ನು ಈ ಕ್ರಮದಲ್ಲಿಯೇ ನೋಡಬೇಕು. ಮೊದಲನೆಯದು ಅಗ್ಗದ ಕೆಲಸ.

ಅಪಾಯದ ಕುರಿತು ಎಚ್ಚರಿಕೆ

ಸ್ಟೀರಿಂಗ್ ಕ್ಲಚ್ಚಿನ ಹಿಡಿಯನ್ನು ಒತ್ತಿದಾಗ ಆ ಬದಿಯ ಚಕ್ರಕ್ಕೆ ಶಕ್ತಿ ತಪ್ಪಿ, ಸಮತಟ್ಟಾದ ನೆಲದಲ್ಲಿ ಯಂತ್ರವು ಅದೇ ಬದಿಗೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಇದು ತಿರುವುಮುರುವಾಗುತ್ತದೆ. ಎಂಜಿನ್ನಿನ ತಡೆ ತಪ್ಪಿದ ಚಕ್ರವೇ ವೇಗವಾಗಿ ಉರುಳುವುದರಿಂದ ಯಂತ್ರವು ಎದುರು ಬದಿಗೆ ಹೊರಳುತ್ತದೆ. ಹೊಸದಾಗಿ ಯಂತ್ರ ಹಿಡಿಯುವವರಿಗೆ ಇದನ್ನು ತಪ್ಪದೆ ತಿಳಿಸತಕ್ಕದ್ದು. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯಬೇಕು, ನ್ಯೂಟ್ರಲ್‌ಗೆ ತರಬಾರದು. ಹಿಂಬದಿ ಗೇರಿನಲ್ಲಿ ರೋಟರಿ ತಿರುಗದಂತೆ ತಡೆ ಅಳವಡಿಸಿರುವ ಯಂತ್ರಗಳಲ್ಲಿ, ದುರಸ್ತಿಯ ವೇಳೆ ಆ ತಡೆಯನ್ನು ತೆಗೆದುಹಾಕಲು ಮೆಕ್ಯಾನಿಕ್‌ಗೆ ಅವಕಾಶ ನೀಡಬಾರದು. ರೋಟರಿಯಲ್ಲಿ ಸಿಕ್ಕಿದ ಹುಲ್ಲನ್ನು ಎಂಜಿನ್ ನಿಲ್ಲಿಸಿದ ನಂತರವೇ ಬಿಡಿಸಬೇಕು.

ದುರಸ್ತಿ ಮಾಡಿಸುವವರಿಗೆ

ಹಳೆಯ ಮಾದರಿಗಳಿಗೆ ಬಿಡಿಭಾಗ ಕೊಳ್ಳುವಾಗ ಯಂತ್ರದ ಫಲಕದಲ್ಲಿನ ಮಾದರಿ ಹಾಗೂ ಕ್ರಮಸಂಖ್ಯೆಯನ್ನು ಬರೆದುಕೊಂಡು, ಸಾಧ್ಯವಿದ್ದಲ್ಲಿ ಹಳೆಯ ಭಾಗವನ್ನೂ ಜೊತೆಗೆ ಒಯ್ಯಬೇಕು. ರಸೀದಿ ಪಡೆಯಬೇಕು, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಯಂತ್ರ ಬಳಸುವ ರೈತರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಗ್ರಾಹಕರೇ ಆಗಿರುತ್ತಾರೆ. ದೋಷಪೂರಿತ ಬಿಡಿಭಾಗ ಅಥವಾ ದುರಸ್ತಿಯ ಬಗ್ಗೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೃಷಿ ಯಾಂತ್ರೀಕರಣದ ಸಹಾಯಧನವು ಹೊಸ ಯಂತ್ರದ ಖರೀದಿಗೆ ಸಂಬಂಧಿಸಿದ್ದಾಗಿದ್ದು, ಅದಕ್ಕೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ದುರಸ್ತಿಯ ಅವಧಿಯಲ್ಲಿ ಉಳುಮೆ ನಿಲ್ಲದಂತೆ, 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿಂದ ಯಂತ್ರ ಪಡೆಯಲು ಅವಕಾಶವಿದೆ. ಹಂಗಾಮಿನಲ್ಲಿ ಬೇಡಿಕೆ ಹೆಚ್ಚಿರುವುದರಿಂದ ಮುಂಚಿತವಾಗಿ ಹೆಸರು ನೋಂದಾಯಿಸುವುದು ಒಳಿತು. ಇತರ ಮಾಹಿತಿಗೆ ಕಿಸಾನ್ ಕಾಲ್ ಸೆಂಟರ್: 1800-180-1551.